ತಾರೆಯ ಸಿಟ್ಟು ಮತ್ತು ನಮ್ಮ ಹಣ

ಎಲ್ಲರಿಗೂ ನಮಸ್ಕಾರ.

ಚಿತ್ರರಂಗದ ದಬ್ಬಾಳಿಕೆಯ ಬಗ್ಗೆ ಬದಿಯಡ್ಕದಲ್ಲಿ ಕುಳಿತು ಮಾತನಾಡುವುದೇಕೆ ಎಂದು ಹಿರಿಯರೊಬ್ಬರು ಈಗಷ್ಟೇ ಕೇಳಿದರು. ಕೊಚ್ಚಿಯೂ ನಮಗೆ ದೂರ, ಬೆಂಗಳೂರೂ ದೂರ. ಆದರೆ ಕಾಸರಗೋಡಿನ ಕನ್ನಡಿಗರಾದ ನಾವು ಎರಡೂ ಭಾಷೆಯ ಸಿನಿಮಾಗಳಿಗೆ ಟಿಕೆಟ್ ಕೊಳ್ಳುವವರು. ಜಾತ್ರೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಸಂಘದ ಬೆಳ್ಳಿಹಬ್ಬಕ್ಕೆ ತಾರೆಯರನ್ನು ಕರೆಸಿ ಸಂಭಾವನೆ ಕೊಡುವವರೂ ನಾವೇ. ಆದ್ದರಿಂದ ಇಂದು ಹಣ ಕೊಡುವವರ ಜವಾಬ್ದಾರಿಯನ್ನು ಕುರಿತು ಮಾತನಾಡುತ್ತೇನೆ.

2017ರ ಫೆಬ್ರವರಿಯಲ್ಲಿ ಮಲಯಾಳಂ ನಟಿಯೊಬ್ಬರನ್ನು ಅಪಹರಿಸಿ ದೌರ್ಜನ್ಯ ಎಸಗಿದ ಘಟನೆ ನಿಮಗೆಲ್ಲ ಗೊತ್ತು. ಆಮೇಲೆ ಚಿತ್ರರಂಗದ ಮಹಿಳೆಯರು ಸಂಘಟಿತರಾಗಿ ಒತ್ತಾಯಿಸಿದ್ದರಿಂದ ಕೇರಳ ಸರ್ಕಾರ ಅವರ ಸ್ಥಿತಿಗತಿ ಅರಿಯಲು ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ ಅವರ ಸಮಿತಿಯನ್ನು ರಚಿಸಿತು. ನಟಿ ಶಾರದಾ ಅದರ ಸದಸ್ಯರಲ್ಲೊಬ್ಬರು. ವರದಿ ಸರ್ಕಾರದ ಕೈಸೇರಿದ್ದು 2019ರ ಡಿಸೆಂಬರ್ ಕೊನೆಯಲ್ಲಿ. ಸಾರ್ವಜನಿಕರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು, ಅದೂ ಹಲವು ಭಾಗಗಳನ್ನು ತೆಗೆದ ಮೇಲೆ. ಎಂಟು ದಿನ ಕಳೆಯುವಷ್ಟರಲ್ಲಿ ನಟರ ಸಂಘ ‘ಅಮ್ಮ’ದ ಕಾರ್ಯಕಾರಿ ಸಮಿತಿ ರಾಜೀನಾಮೆ ಕೊಟ್ಟಿತು.

ಪತ್ರಿಕೆಗಳು ದೊಡ್ಡ ಹೆಸರುಗಳ ಬೆನ್ನು ಹತ್ತಿದವು. ನನ್ನನ್ನು ಹೆಚ್ಚು ಕಲಕಿದ್ದು ಮಾತ್ರ ವರದಿಯಲ್ಲಿದ್ದ ಶೌಚಾಲಯದ ಮಾತು. ಚಿತ್ರೀಕರಣದ ಜಾಗದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ. ಹಾಗಾಗಿ ಹೆಣ್ಣುಮಕ್ಕಳು ಹಗಲಿಡೀ ನೀರು ಕುಡಿಯದೆ ಇದ್ದು ಮೂತ್ರದ ಸೋಂಕಿಗೆ ತುತ್ತಾಗುತ್ತಾರೆ. ಅದೇ ಬಯಲಿನಲ್ಲಿ ನಾಯಕನಟನಿಗೆ ಹವಾನಿಯಂತ್ರಿತ ವಾಹನ ನಿಂತಿರುತ್ತದೆ. ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಜೂನಿಯರ್ ಕಲಾವಿದರ ಪಾಡು ಇನ್ನೂ ಕಷ್ಟ. ಅವರಿಗೆ ದುಡ್ಡು ಬರುವುದು ಏಜೆಂಟರ ಕೈದಾಟಿ. ಬಾಯಿ ತೆರೆದರೆ ನಾಳೆಯಿಂದ ಕರೆಯಿಲ್ಲ. ಗುಟ್ಟು ಕಾಯುತ್ತೇವೆಂದು ಸಮಿತಿ ಹೇಳಿದರೂ ಎಷ್ಟೋ ಜನ ಮಾತನಾಡಲು ಹೆದರಿದರು. ಆ ಹೆದರಿಕೆಯನ್ನೇ ನಾನು ದಬ್ಬಾಳಿಕೆಯ ಮೊದಲ ಸಾಕ್ಷಿ ಎನ್ನುತ್ತೇನೆ.

ದೊಡ್ಡ ಕಲಾವಿದರಿಗೆ ಮುಂಗೋಪ ಸಹಜ ಎಂದು ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೈಟ್ ಹಿಡಿಯುವ ಹುಡುಗನ ಮೇಲೆ ಕಿರುಚಿದ ನಟ, ಹತ್ತೇ ನಿಮಿಷದಲ್ಲಿ ನಿರ್ಮಾಪಕ ಬಂದಾಗ ಕೈಮುಗಿದು ನಗುತ್ತಾನೆ. ಯಾರ ಮೇಲೆ ಎರಗಬಹುದು, ಯಾರ ಮೇಲೆ ಎರಗಬಾರದು ಎಂಬುದು ಆ ಕೋಪಕ್ಕೆ ಚೆನ್ನಾಗಿ ಗೊತ್ತಿದೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರೆಂದು ನಾವೂ ಎದೆ ತಟ್ಟಿಕೊಳ್ಳಬೇಕಾಗಿಲ್ಲ. ತಾಳ ತಪ್ಪಿದ ಹೊಸ ವೇಷಧಾರಿಯನ್ನು ಭಾಗವತರು ಗದರಿ ತಿದ್ದಿದರೆ ಅದು ಕಲಿಕೆ. ಬಣ್ಣ ಹಚ್ಚುವ ಚೌಕಿಯಲ್ಲಿ ಎಲ್ಲರೆದುರು ವೇಷ ಕಟ್ಟುವವನ ಮನೆತನ, ಜಾತಿ ಎತ್ತಿ ಬೈದರೆ ಅದು ಯಾವ ವಿದ್ಯೆಯೂ ಅಲ್ಲ. ಇವೆರಡನ್ನೂ ‘ಶಿಸ್ತು’ ಎಂದು ಒಂದೇ ಹೆಸರಿನಿಂದ ಕರೆಯುವುದನ್ನು ದಯವಿಟ್ಟು ನಿಲ್ಲಿಸೋಣ.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಸಿನಿಮಾ ನಿರ್ಮಾಣ ಘಟಕಗಳಲ್ಲೂ ಅದರಡಿ ಆಂತರಿಕ ದೂರು ಸಮಿತಿ ಇರಬೇಕೆಂದು ಕೇರಳ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಹೇಳಿತು. ಆದರೆ ಅವಮಾನ, ಬೈಗುಳ, ವಿಶ್ರಾಂತಿಯಿಲ್ಲದ ದುಡಿಮೆ, ಬಾಯಿಮಾತಿನ ಬಹಿಷ್ಕಾರ, ಇವು ಆ ಕಾಯ್ದೆಯ ಹೊರಗೆ ಉಳಿಯುತ್ತವೆ. ಎಲ್ಲ ಬಗೆಯ ಹಿಂಸೆ ಮತ್ತು ಕಿರುಕುಳವನ್ನೂ ಒಳಗೊಳ್ಳುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಪ್ಪಂದ 2019ರಲ್ಲಿಯೇ ಬಂದಿದೆ. ಭಾರತ ಅದನ್ನು ಅನುಮೋದಿಸಿಲ್ಲ. ಇನ್ನು ಸಿನಿಮಾ ಕಾರ್ಮಿಕರೊಂದಿಗೆ ಲಿಖಿತ ಕರಾರು ಇರಬೇಕೆಂದು 1981ರಲ್ಲೇ ಕೇಂದ್ರ ಸರ್ಕಾರ ಕಾಯ್ದೆ ಮಾಡಿತ್ತು. ಅಷ್ಟು ವರ್ಷಗಳಾದ ಮೇಲೂ ಹೇಮಾ ಸಮಿತಿ ಕಂಡದ್ದು ಕರಾರಿಲ್ಲದ ದುಡಿಮೆಯನ್ನೇ. ಕಾಗದವೇ ಇಲ್ಲದವನು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

ಹೊರದೇಶದ ಒಂದು ಪ್ರಕರಣ ಹೇಳಲೇಬೇಕು. 2015ರ ಮಾರ್ಚ್‌ನಲ್ಲಿ ಬಿಬಿಸಿಯ ಕಾರು ಕಾರ್ಯಕ್ರಮದ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್, ಚಿತ್ರೀಕರಣ ಮುಗಿಸಿ ಹೋಟೆಲಿಗೆ ಬಂದಾಗ ಬಿಸಿ ಊಟ ಸಿಗಲಿಲ್ಲವೆಂದು ತನ್ನದೇ ತಂಡದ ನಿರ್ಮಾಪಕರೊಬ್ಬರಿಗೆ ಹೊಡೆದರು. ಜಗತ್ತಿನೆಲ್ಲೆಡೆ ಮಾರಾಟವಾಗುತ್ತಿದ್ದ ಕಾರ್ಯಕ್ರಮ ಅದು. ನಷ್ಟ ಗೊತ್ತಿದ್ದೂ ಬಿಬಿಸಿ ಅವರ ಒಪ್ಪಂದವನ್ನು ನವೀಕರಿಸಲಿಲ್ಲ. ಆ ಕಡೆ ಅವರನ್ನು ಉಳಿಸಿಕೊಳ್ಳಬೇಕೆಂಬ ಮನವಿಗೆ ಹತ್ತು ಲಕ್ಷ ಜನ ಸಹಿ ಹಾಕಿದ್ದರು! ತುಟಿ ಒಡೆಸಿಕೊಂಡವನ ನೋವಿಗಿಂತ ಅವರಿಗೆ ತಮ್ಮ ಮನರಂಜನೆ ದೊಡ್ಡದಾಗಿತ್ತು. ಸಂಸ್ಥೆ ಮನಸ್ಸು ಮಾಡಿದರೆ ತಾರೆಯನ್ನೂ ನಿಲ್ಲಿಸಬಹುದು. ಅಡ್ಡ ಬರುವವರು ಅಭಿಮಾನಿಗಳು. ಅಂದರೆ ನಾವು.

ನಮ್ಮ ಕಡೆಯ ಉತ್ಸವವೊಂದರ ಸಮಿತಿಯಲ್ಲಿ ನಾನೂ ಇದ್ದೆ. ಹೆಸರಾಂತ ಗಾಯಕರೊಬ್ಬರು ಧ್ವನಿವರ್ಧಕದ ಹುಡುಗನತ್ತ ಮೈಕ್ ಎಸೆದರು. ವೇದಿಕೆಯ ಹಿಂದೆ ಸಮಿತಿಯವರು ಓಡಿಹೋಗಿ ಸಮಾಧಾನಪಡಿಸಿದ್ದು ಗಾಯಕರನ್ನು. ಹುಡುಗ ಕಣ್ಣೊರೆಸಿಕೊಂಡು ಕೇಬಲ್ ಸುತ್ತಿದ. ನಮಗೆ ಆಗ ಬೇರೆ ದಾರಿಯೂ ಇರಲಿಲ್ಲ, ಏಕೆಂದರೆ ವೇದಿಕೆ ಹತ್ತುವ ಮೊದಲೇ ಪೂರ್ತಿ ಸಂಭಾವನೆ ಎಣಿಸಿ ಕೊಟ್ಟಾಗಿತ್ತು.

ಅದಕ್ಕಾಗಿಯೇ ನನ್ನ ಬೇಡಿಕೆ ಕರಾರು ಪತ್ರಕ್ಕೆ ಸಂಬಂಧಿಸಿದ್ದು. ಮುಂಗಡ ಕೊಡಿ, ಆದರೆ ಒಂದು ಪಾಲನ್ನು ಕಾರ್ಯಕ್ರಮ ಮುಗಿದ ಮೇಲೆ ಕೊಡುವುದಾಗಿ ಬರೆಯಿಸಿ. ಸಹಾಯಕರನ್ನಾಗಲಿ, ಸ್ಥಳೀಯ ಕೆಲಸಗಾರರನ್ನಾಗಲಿ ಹೊಡೆದರೆ, ನಿಂದಿಸಿದರೆ ಆ ಪಾಲು ನಿಲ್ಲುತ್ತದೆಂದೂ ಅದರಲ್ಲೇ ಇರಲಿ. ದೂರು ಕೇಳಲು ಅಧ್ಯಕ್ಷರ ಬಳಗಕ್ಕೆ ಸೇರದ ಇಬ್ಬರನ್ನು ನೇಮಿಸಿ, ಅವರಲ್ಲೊಬ್ಬರು ಮಹಿಳೆ ಇರಲಿ. ಅದೇ ಕಾಗದದಲ್ಲಿ ನಾವೂ ಬದ್ಧರಾಗಬೇಕು: ಚಾಲಕನಿಂದ ಹಿಡಿದು ಪರದೆ ಎಳೆಯುವವನವರೆಗೆ ಎಲ್ಲರಿಗೂ ಊಟ, ನೀರು, ಶೌಚಾಲಯ. ಇಂಥ ಷರತ್ತು ಹಾಕಿದರೆ ತಾರೆಯರು ಬರುವುದಿಲ್ಲ ಎಂಬ ಆತಂಕ ನನಗೆ ಗೊತ್ತಿದೆ. ಒಂದೇ ಸಮಿತಿ ಕೇಳಿದರೆ ಬರಲಿಕ್ಕಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಸಮಿತಿಗಳೆಲ್ಲ ಒಂದೇ ನಮೂನೆ ಬಳಸಿದರೆ ಏಜೆಂಟರು ಓದಿ ಸಹಿ ಹಾಕಲೇಬೇಕಾಗುತ್ತದೆ.

ಸಭೆಯಲ್ಲಿ ವಕೀಲರಿದ್ದೀರಿ, ಏಳೆಂಟು ಸಮಿತಿಗಳ ಕಾರ್ಯದರ್ಶಿಗಳೂ ಇದ್ದೀರಿ. ನಿಮ್ಮಲ್ಲಿರುವ ಹಳೆಯ ಕರಾರು ಪತ್ರಗಳನ್ನು ಚಹಾದ ವೇಳೆ ಈ ಮೇಜಿನ ಮೇಲೆ ಇಡಿ. ಕರಡನ್ನು ಇಂದೇ ಬರೆದುಬಿಡೋಣ.