ಡಬ್ಬಿಯಲ್ಲಿ ಉಳಿದದ್ದು

(ತುಮಕೂರಿನ ಒಂದು ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ 'ಆರೋಗ್ಯ ತಜ್ಞೆ' ಅಂತ ಅಚ್ಚು ಹಾಕಿಸಿದ್ದಾರೆ. ಮೊದಲು ಅದನ್ನು ಅಳಿಸಿಬಿಡೋಣ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಒಂಬತ್ತನೇ ತರಗತಿಯ ಮಗಳು, ಐದನೇ ತರಗತಿಯ ಮಗ, ಸಕ್ಕರೆ ಕಾಯಿಲೆ ಇರುವ ಅತ್ತೆ, ರಾತ್ರಿ ಒಂಬತ್ತೂ ಕಾಲಿಗೆ ಮನೆ ಸೇರುವ ಯಜಮಾನರು, ಇಷ್ಟು ಜನರ ಸಂಸಾರ. ನನ್ನ ಎತ್ತರ 5 ಅಡಿ 2 ಅಂಗುಲ. ಎರಡು ವರ್ಷದ ಹಿಂದೆ ತೂಕ 74 ಕೆಜಿ ಇತ್ತು, ಈಗ 67. ನಡುವೆ ಒಮ್ಮೆ 65ಕ್ಕೆ ಇಳಿದಿತ್ತು. ಮದುವೆ ಸೀಸನ್ ಬಂತು, ಎರಡು ಕೆಜಿ ವಾಪಸ್ ಬಂತು. ಹಾಗಾಗಿ ಗೆದ್ದವಳು ಅಂತ ಇಲ್ಲಿ ನಿಂತಿಲ್ಲ.

ನಮ್ಮೂರಲ್ಲಿ 'ಯಾಕೋ ದಪ್ಪ ಆಗ್ತಿದ್ದೀನಿ' ಅಂದರೆ ಬರುವ ಮೊದಲ ಉತ್ತರ 'ಅಮಾನಿಕೆರೆಗೆ ವಾಕಿಂಗ್ ಹೋಗಿ'. ಹೋದೆ. ನಾಲ್ಕೂವರೆಗೆ ಎದ್ದು, ಬೇಳೆ ಬೇಯೋಕಿಟ್ಟು, ತರಕಾರಿ ಹೆಚ್ಚಿಟ್ಟು, ಮಕ್ಕಳು ಏಳುವ ಮುಂಚೆ ಮುಕ್ಕಾಲು ಗಂಟೆ ನಡೆದು ಬರುತ್ತಿದ್ದೆ. ಐದು ತಿಂಗಳು ನಡೆದದ್ದಕ್ಕೆ ಇಳಿದದ್ದು 600 ಗ್ರಾಂ. ಅದೇ ಹೊತ್ತಿಗೆ ಯಜಮಾನರು, 'ಇದಕ್ಕೆಲ್ಲ ಯಾಕೆ ಅಷ್ಟು ಒದ್ದಾಡ್ತೀಯ, ರಾತ್ರಿ ಅನ್ನ ಬಿಟ್ರೆ ಆಯ್ತಪ್ಪ' ಅಂತ ಹೇಳಿ, ತಾವು ಬಿಟ್ಟು, ಒಂದೇ ತಿಂಗಳಲ್ಲಿ ಮೂರು ಕೆಜಿ ಇಳಿಸಿ, ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಯೋಚಿಸಿದೆ. ಅನ್ನ ಬಿಟ್ಟವರು ಅವರು. ಅನ್ನದ ಬದಲಿಗೆ ರಾತ್ರಿ ಒಂಬತ್ತೂವರೆಗೆ ಬಿಸಿಬಿಸಿ ಚಪಾತಿ ಲಟ್ಟಿಸಿದವಳು ನಾನು. ಮಿಕ್ಕ ಅನ್ನ ಹಾಳಾಗಬಾರದು ಅಂತ ಮೊಸರು ಕಲಸಿ ತಿಂದವಳೂ ನಾನೇ.

ಒಂದು ಸಂಜೆ ಸಿಂಕ್ ಮುಂದೆ ನಿಂತು ಮಕ್ಕಳ ಡಬ್ಬಿ ತೆಗೆದೆ. ಮಗನ ಡಬ್ಬಿಯ ಮೇಲಿನ ಅಂಕಣದಲ್ಲಿ ಅರ್ಧ ಚಪಾತಿ, ಮಡಿಕೆಯಲ್ಲಿ ತುಪ್ಪ ಸಕ್ಕರೆ ಕರಗಿ ಅಂಟಿಕೊಂಡಿತ್ತು. ಕೆಳಗಡೆ ಚಿತ್ರಾನ್ನ. ಕಡಲೆಕಾಯಿ ಬೀಜವನ್ನೆಲ್ಲ ಆರಿಸಿ ತಿಂದು ಅನ್ನ ಬಿಟ್ಟಿದ್ದ. ಮಗಳ ಡಬ್ಬಿಯಲ್ಲಿ ಒಂದೂವರೆ ಇಡ್ಲಿ ಚಟ್ನಿ ಹೀರಿಕೊಂಡು ಊದಿತ್ತು. ಚಪಾತಿಯನ್ನು ಬಾಯಿಗೆ ಹಾಕಿಕೊಂಡೆ, ಎಡಗೈಯಲ್ಲಿ ನಲ್ಲಿ ತಿರುಗಿಸಿದೆ, ಬಲಗೈ ತಾನಾಗಿ ಚಿತ್ರಾನ್ನಕ್ಕೆ ಹೋಯಿತು. ಆಗ ಹೊಳೆಯಿತು. ದಿನಾ ತಿಂದದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು. ಅಷ್ಟು ಅಚ್ಚುಕಟ್ಟಾದ ಪುಸ್ತಕದಲ್ಲಿ ಈ ಸಂಜೆ ನಾಲ್ಕೂವರೆಯ ಊಟ ಒಂದು ದಿನವೂ ಬಂದಿರಲಿಲ್ಲ. ಕೂತು ತಿಂದದ್ದಕ್ಕೆ ಲೆಕ್ಕ ಇತ್ತು, ನಿಂತು ತಿಂದದ್ದಕ್ಕೆ ಇರಲಿಲ್ಲ.

ಪಾಠ ಮಾಡುವವಳಿಗೆ ಪ್ರಯೋಗದ ಚಟ. ಮುಂದಿನ ಒಂದು ವಾರ ಡಬ್ಬಿಯಲ್ಲಿ, ತಟ್ಟೆಯಲ್ಲಿ, ಬಾಣಲೆಯ ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕದೆ ಒಂದು ಸ್ಟೀಲ್ ಬೋಸಿಗೆ ಹಾಕುತ್ತಾ ಬಂದೆ. ರಾತ್ರಿ ತೂಗಿ ಬರೆದಿಟ್ಟೆ. ಸೋಮವಾರ 210 ಗ್ರಾಂ. ಬುಧವಾರ ಬರೀ 95, ಯಾಕೆಂದರೆ ಅವತ್ತು ಪೂರಿ. ಶುಕ್ರವಾರ 310, ಬಿಸಿಬೇಳೆಬಾತಿಗೆ ನಾನು ಬೀನ್ಸ್ ಜಾಸ್ತಿ ಹಾಕಿದ್ದೆ. ಏಳು ದಿನಕ್ಕೆ 1 ಕೆಜಿ 340 ಗ್ರಾಂ ಆಯಿತು. ಆ ವಾರ ನಮ್ಮ ಬೀದಿಯ ಹಸು ದಿನಾ ಗೇಟಿನ ಮುಂದೆ ಹಾಜರ್.

ಈಗ ಲೆಕ್ಕ. ಎಣ್ಣೆ ಒಗ್ಗರಣೆ ಬಿದ್ದ ಅನ್ನ, ಚಪಾತಿ, ಇಡ್ಲಿ ಎಲ್ಲ ಸೇರಿಸಿ 100 ಗ್ರಾಮಿಗೆ ಅಂದಾಜು 160 ಕ್ಯಾಲೊರಿ ಅಂತ ಹಿಡಿದೆ. ವಾರಕ್ಕೆ ಎರಡು ಸಾವಿರ ದಾಟಿತು, ಅಂದರೆ ದಿನಕ್ಕೆ 300. ನನ್ನ ತೂಕದ ಹೆಂಗಸು ಮುಕ್ಕಾಲು ಗಂಟೆ ನಡೆದರೆ ಖರ್ಚಾಗುವುದು 200ರ ಒಳಗೆ. ಕೆರೆ ಸುತ್ತಿ ಸುತ್ತಿ ಸಂಪಾದಿಸಿದ್ದನ್ನೆಲ್ಲ ಸಿಂಕಿನ ಮುಂದೆ ಎರಡು ನಿಮಿಷದಲ್ಲಿ ಕಳೆದು, ಮೇಲೆ ಇನ್ನಷ್ಟು ಸಾಲ ಮಾಡುತ್ತಿದ್ದೆ!

'ಹಾಗಾದರೆ ಎಸೆದುಬಿಡಿ' ಅಂತ ಹೇಳುವುದು ಸುಲಭ. ನಮ್ಮ ಕೈಗೆ ಅದು ಬರುವುದಿಲ್ಲ. ಒಂದು ಅಗುಳು ಕೆಳಗೆ ಬಿದ್ದರೆ ಆರಿಸಿ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದ ಅಜ್ಜಿಯ ಮಡಿಲಲ್ಲಿ ಬೆಳೆದವಳು ನಾನು. ಬರಗಾಲ ಕಂಡ ಸೀಮೆ ಇದು. ಅನ್ನ ಚೆಲ್ಲಬಾರದು ಅನ್ನುವ ಮಾತಿನಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಚೆಲ್ಲಬಾರದು ಅನ್ನುವ ನೇಮ ಮನೆಯವರಿಗೆಲ್ಲ ಸೇರಿದ್ದು; ಅದನ್ನು ಪಾಲಿಸುವ ಹೊಟ್ಟೆ ಮಾತ್ರ ಮನೆಗೆ ಒಂದೇ. ಅಲ್ಲಿಗೆ ನನ್ನ ತಕರಾರು.

ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಅಂತ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಐದು ವರ್ಷ ಬಿಟ್ಟು 2024ರಲ್ಲಿ ಮತ್ತೆ ಕೇಳಿದಾಗ 289 ಮತ್ತು 88. ಹೆಂಗಸರಿಗೆ ಹತ್ತು ನಿಮಿಷ ಬಿಡುವು ಸಿಕ್ಕಿತು ಅಂತ ಖುಷಿಪಡುವ ಮುಂಚೆ ನೋಡಿ, ಗಂಡಸರೂ ಒಂಬತ್ತು ನಿಮಿಷ ಬಿಡುವು ಮಾಡಿಕೊಂಡಿದ್ದಾರೆ. ಹಿಂದಿನ ಸಾಲಿನಲ್ಲಿ ನಗುತ್ತಿರುವ ಅಣ್ಣಂದಿರೇ, ನಿಮ್ಮ ವಿಷಯಕ್ಕೂ ಬರುತ್ತೇನೆ.

ಈಗಲೇ ಬಂದುಬಿಡೋಣ. 'ನಾನು ಸಣ್ಣಗೇ ಇದ್ದೀನಲ್ಲ, ಹೊಟ್ಟೆ ಒಂದು ಸ್ವಲ್ಪ' ಅನ್ನುವವರಿಗೆ ಒಂದು ಕಥೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ಸಕ್ಕರೆ ಕಾಯಿಲೆ ಸಂಶೋಧಕರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿಎಂಐ ಅನ್ನುತ್ತೇವಲ್ಲ, ಅದು ಇಬ್ಬರದೂ 22.3. ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರಲ್ಲಿ ಶೇ. 9.1, ನಮ್ಮ ಯಾಜ್ಞಿಕ್ ಅವರಲ್ಲಿ ಶೇ. 21.2. ತಮ್ಮಿಬ್ಬರ ಫೋಟೋ ಸಮೇತ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನಮ್ಮ ಜನರ ಮೈ ಸಣ್ಣಗೆ ಕಂಡರೂ ಒಳಗೆ ಕೊಬ್ಬು ಕೂಡಿಡುತ್ತದೆ, ಅದರಲ್ಲೂ ಹೊಟ್ಟೆಯ ಸುತ್ತ. ಅದಕ್ಕೇ ನಮ್ಮ ವೈದ್ಯರು ಬಿಎಂಐ 23 ದಾಟಿದರೇ ಹುಷಾರು ಅನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಂತ ಗೆರೆ ಎಳೆದಿದ್ದಾರೆ. ದರ್ಜಿ ಟೇಪು ಸಾಕು, ಹೊಕ್ಕುಳ ಹತ್ತಿರ, ಉಸಿರು ಎಳೆದುಕೊಳ್ಳದೆ ಅಳೆದುಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು 30 ಜನ ಅತಿತೂಕದವರು. ಈ ಒಂದರಲ್ಲಿ ಸಮಾನತೆ ಬಂದಿದೆ.

ಎಣ್ಣೆಯ ಮಾತು ಚುಟುಕಾಗಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ಊಟದಲ್ಲಿ ದಿನಕ್ಕೆ 2000 ಕ್ಯಾಲೊರಿಯವರಿಗೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ. ಚಮಚ ಹಿಡಿದು ಅಡುಗೆ ಮಾಡುವ ಹೆಂಗಸನ್ನು ನಾನು ಕಂಡಿಲ್ಲ. ಅದಕ್ಕೆ ನಾನು ತಿಂಗಳ ಸಾಮಾನಿನ ಚೀಟಿಯಿಂದ ಲೆಕ್ಕ ತೆಗೆದೆ. ಒಂದು ಲೀಟರ್ ಅಂದರೆ 910 ಗ್ರಾಂ. ಒಬ್ಬರಿಗೆ ಒಂದು ಲೀಟರ್ 33 ದಿನ ಬರಬೇಕು. ನಾವು ಐದು ಜನಕ್ಕೆ ತಿಂಗಳಿಗೆ ಏಳು ತರುತ್ತಿದ್ದೆವು! ಈಗ ನಾಲ್ಕೂವರೆಗೆ ನಿಲ್ಲಿಸಿದ್ದೇವೆ, ಹಬ್ಬದ ತಿಂಗಳು ಐದು. ಪ್ಯಾಕೆಟ್ ತಿರುಗಿಸಿ ಗ್ರಾಂ ನೋಡಿ, ಈಗೀಗ ಕೆಲವದರಲ್ಲಿ ಕಡಿಮೆ ತುಂಬುತ್ತಾರೆ. ಇನ್ನೊಂದು, ಅನ್ನ ಬಿಟ್ಟು ಚಪಾತಿ ಹಿಡಿದರೆ ಇಳಿಯುತ್ತದೆ ಅನ್ನುವ ನಂಬಿಕೆ. ಅಕ್ಕಿ, ಗೋಧಿ, ರಾಗಿ ಯಾವುದೇ ಆಗಲಿ, ಒಣ ತೂಕ 100 ಗ್ರಾಮಿಗೆ ಕ್ಯಾಲೊರಿ ಹೆಚ್ಚುಕಮ್ಮಿ ಅಷ್ಟೇ. ಮುದ್ದೆಗೆ ಎಣ್ಣೆ ಬೇಡ, ಚಪಾತಿಗೆ ಎರಡೂ ಕಡೆ ಬೇಕು. ಮುದ್ದೆ ಚಿಕ್ಕದು ಮಾಡಿ, ಜೊತೆಗೆ ಕಾಳಿನ ಸಾರು ಎರಡು ಸೌಟು ಜಾಸ್ತಿ ಹಾಕಿಕೊಳ್ಳಿ, ಹೊಟ್ಟೆ ಕೇಳುವುದಿಲ್ಲ.

ನಿದ್ದೆ ವಿಷಯ ಇದಕ್ಕಿಂತ ದೊಡ್ಡದು, ನಾನು ತಡವಾಗಿ ತಿಳಿದದ್ದೂ ಅದನ್ನೇ. ಮಕ್ಕಳು ಮಲಗಿದ ಮೇಲೆ ಹನ್ನೊಂದು ಗಂಟೆಗೆ ಮನೆ ಸದ್ದಿಲ್ಲದೆ ಆಗುತ್ತದಲ್ಲ, ಅದೊಂದೇ ನನ್ನ ಹೊತ್ತು. ಕೈಯಲ್ಲಿ ಮೊಬೈಲು, ಪಕ್ಕದಲ್ಲಿ ಕೋಡುಬಳೆ ಡಬ್ಬ. ಹನ್ನೆರಡೂವರೆಗೆ ಮಲಗಿ ನಾಲ್ಕೂವರೆಗೆ ಏಳುತ್ತಿದ್ದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತ ಹುಡುಗರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದರು. ಹತ್ತು ಗಂಟೆ ಮಲಗಲು ಬಿಟ್ಟಾಗಿನದಕ್ಕೆ ಹೋಲಿಸಿದರೆ, 'ಸಾಕು' ಅನ್ನಿಸುವ ಲೆಪ್ಟಿನ್ ಹಾರ್ಮೋನು ಶೇ. 18 ಇಳಿದಿತ್ತು, ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನು ಶೇ. 28 ಏರಿತ್ತು. ಹುಡುಗರ ಬಾಯಿ ಕೇಳಿದ್ದು ಸಿಹಿ ಮತ್ತು ಉಪ್ಪುಖಾರದ ಕುರುಕಲನ್ನ. 2004ರ ಆ ವರದಿ ಓದಿ ನನಗೆ ಕೋಪ ಬಂತು. ಬೆಳಿಗ್ಗೆ ವಾಕಿಂಗಿಗೆ ಅಂತ ನಿದ್ದೆ ಕದ್ದು, ಆ ನಿದ್ದೆಗೇಡಿನಿಂದ ದಿನವೆಲ್ಲ ಹಸಿದು ತಿರುಗುತ್ತಿದ್ದೆ. ವಾಕಿಂಗ್ ನಿಲ್ಲಿಸಿ ಐದೂವರೆವರೆಗೆ ಮಲಗಿದೆ. ನಡಿಗೆಯನ್ನು ಶಾಲೆಯಲ್ಲಿ ಚಿಲ್ಲರೆಯಾಗಿ ಸೇರಿಸಿಕೊಂಡೆ. ಮೊದಲೆಲ್ಲ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಸಮ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿತ್ತು. 2020ರಲ್ಲಿ ಆ ಷರತ್ತು ತೆಗೆದುಹಾಕಿದೆ. ವಾರಕ್ಕೆ 150 ನಿಮಿಷ ಆಗಬೇಕು, ಮೂರು ಮೂರು ನಿಮಿಷವಾಗಿ ಕೂಡಿದರೂ ಸರಿ. ಮಹಡಿಯ ಮೇಲಿನ ತರಗತಿಗಳನ್ನು ಬೇರೆ ಟೀಚರುಗಳು ಬೇಡ ಅಂದಾಗ ನಾನು ತೆಗೆದುಕೊಂಡೆ. ನನ್ನನ್ನು ತುಂಬ ಒಳ್ಳೆಯವಳು ಅಂದುಕೊಂಡಿದ್ದಾರೆ.

ಇನ್ನು ರಾತ್ರಿ ಊಟ. ಎಲ್ಲರಿಗೂ ಬಡಿಸಿ ಹತ್ತು ಗಂಟೆಗೆ ಉಣ್ಣುವುದನ್ನು ಬಿಟ್ಟು, ಏಳೂ ಮುಕ್ಕಾಲಿಗೆ ಮಗನ ಜೊತೆ ಕೂರುತ್ತೇನೆ ಅಂತ ತೀರ್ಮಾನ ಮಾಡಿದೆ. ಮೊದಲನೇ ದಿನ ತಟ್ಟೆ ಹಾಕಿಕೊಂಡು ಕೂತೆ. ಅತ್ತೆ ಟಿವಿ ಸದ್ದು ಕಡಿಮೆ ಮಾಡಿದರು.

'ಏನಮ್ಮ, ಅವನು ಬರೋಕೆ ಮುಂಚೇನೇ?'

'ಹೂಂ ಅತ್ತೆ. ಹಸಿವಾಗ್ತಿದೆ.'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಮಾತ್ರೆ ಡಬ್ಬ ತಂದು ನನ್ನ ಎದುರು ಕೂತರು. 'ನಂಗೂ ಹಾಕು. ಡಾಕ್ಟ್ರು ಎಂಟರೊಳಗೆ ಉಣ್ಣಿ ಅಂತ ಯಾವತ್ತೋ ಹೇಳಿದ್ರು. ನೀನು ಕಾಯ್ತಿರ್ತೀಯ, ನಾನು ಹೆಂಗೆ ಕೂತ್ಕೊಳ್ಳೋದು ಅಂತ ಸುಮ್ನಿದ್ದೆ.' ನಾನು ಅವರಿಗಾಗಿ, ಅವರು ನನಗಾಗಿ, ಇಬ್ಬರೂ ಹನ್ನೊಂದು ವರ್ಷ ಹಸಿದುಕೊಂಡು ಕಾದಿದ್ದೆವು. ಯಜಮಾನರಿಗೆ ಈಗ ಹಾಟ್‌ಬಾಕ್ಸಿನಲ್ಲಿ ಊಟ ಇರುತ್ತದೆ. ಬಡಿಸಿಕೊಂಡು, ತಟ್ಟೆ ತೊಳೆದಿಡುತ್ತಾರೆ. ಮೊದಲ ತಿಂಗಳು ತಟ್ಟೆ ಇಡುವ ಸದ್ದು ಬೀದಿಗೆ ಕೇಳುತ್ತಿತ್ತು.

ಈ ನಡುವೆ ಪುಡಿ ಡಬ್ಬದ ಅಧ್ಯಾಯವೂ ಒಂದಿದೆ. ಊಟದ ಬದಲು ಕಲಸಿ ಕುಡಿಯಿರಿ ಅಂದರು, ಎರಡು ತಿಂಗಳಿಗೆ ಆರು ಸಾವಿರ ಕೊಟ್ಟೆ. ನಾಲ್ಕು ಕೆಜಿ ಹೋಯಿತು, ನಿಲ್ಲಿಸಿದ ಮೇಲೆ ಐದು ಬಂತು. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯಲ್ಲಿ ಭಾಗವಹಿಸಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಹೆಚ್ಚಿನವರ ತೂಕ ಮರಳಿತ್ತು. ಅವರ ಮೈ ಸುಮ್ಮನೆ ಇದ್ದಾಗ ಉರಿಸುವ ಶಕ್ತಿ ಮಾತ್ರ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಉಳಿದಿತ್ತು. ಅವಸರದಲ್ಲಿ ಇಳಿಸಿದರೆ ಮೈ ಬರಗಾಲ ಬಂತು ಅಂದುಕೊಂಡು ಜಿಪುಣ ಆಗುತ್ತದೆ. ಥೈರಾಯ್ಡ್ ಇದ್ದವರು, ಮುಟ್ಟಿನ ಏರುಪೇರು ಇದ್ದವರು ಪುಡಿ ಹುಡುಕುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ವೈದ್ಯರನ್ನೇ ಕೇಳಿ, ನನ್ನನ್ನಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ತೂಕದ ಯಂತ್ರವನ್ನು ನಡುಮನೆಯಲ್ಲೇ ಇಟ್ಟಿದ್ದೆ. ದಿನಾ ಬೆಳಿಗ್ಗೆ ಹತ್ತುವುದು, 'ಥೂ' ಅನ್ನುವುದು. ಒಂದು ದಿನ ಮಗಳು ಮಧ್ಯಾಹ್ನದ ಅನ್ನ ಮುಟ್ಟದೆ ಬಂದಳು. ಯಾಕೆ ಅಂದರೆ, 'ಅಮ್ಮಾ, ನಾನು 46 ಆಗಿದ್ದೀನಿ' ಅಂದಳು. ಬೆಳೆಯುವ ಹುಡುಗಿ, ನನ್ನ ಭುಜ ದಾಟಿದ್ದಾಳೆ. ಆ 'ಥೂ' ಅವಳಿಗೆ ಕೇಳಿಸುತ್ತಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ. ಅವತ್ತೇ ಯಂತ್ರ ಅಟ್ಟ ಸೇರಿತು. ತಿಂಗಳಿಗೊಮ್ಮೆ, ಮಕ್ಕಳು ಟ್ಯೂಷನ್ನಿಗೆ ಹೋದಾಗ ಅದನ್ನು ಕೆಳಗಿಳಿಸಿಕೊಳ್ಳುತ್ತೇನೆ.

ಡಬ್ಬಿ ಏನಾಯಿತು ಅಂತ ಕೇಳುತ್ತೀರಿ. ಹಸುವಿನ ವಾರ ಮುಗಿದ ಮೇಲೆ ಒಂದು ನಿಯಮ ಮಾಡಿದೆ: ಉಳಿಸಿದವರೇ ಸಂಜೆ ಅದನ್ನು ಮುಗಿಸಬೇಕು, ಆಮೇಲೆ ಬೇರೆ ತಿಂಡಿ. ಮಗ ಎರಡು ದಿನ ಮುಖ ಊದಿಸಿಕೊಂಡು ತಿಂದ. ಮೂರನೇ ದಿನ ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತ.

'ಒಂದೇ ಚಪಾತಿ ಸಾಕಮ್ಮ. ನೀನು ಯಾವಾಗ್ಲೂ ಎರಡು ಹಾಕ್ತೀಯ, ಇನ್ನೊಂದು ನಿಂಗೇ ಅಂದ್ಕೊಂಡಿದ್ದೆ.'

ಈಗ ಒಂದೇ ಹಾಕುತ್ತೇನೆ. ಡಬ್ಬಿ ಖಾಲಿ ಬರುತ್ತದೆ. ನಾಲ್ಕೂವರೆಗೆ ಸಿಂಕ್ ಮುಂದೆ ನಿಂತಾಗ ಕೈ ಇನ್ನೂ ಒಂದು ಕ್ಷಣ ತಡಕಾಡುತ್ತದೆ.

ಪ್ರಶ್ನೆ ಇದ್ದರೆ ಕೇಳಿ, ಎಂಟರೊಳಗೆ ಮನೆ ಸೇರಬೇಕು, ಅತ್ತೆ ತಟ್ಟೆ ಹಾಕಿಕೊಂಡು ಕೂತಿರುತ್ತಾರೆ.