ಮೊದಲ ದಿನದ ಹಾಸು ಹತ್ತನೇ ದಿನಕ್ಕೆ ಬೇಡ: ಮೊಲದ ಮರಿಗಳ ಪೆಟ್ಟಿಗೆ

ಬೆಳಿಗ್ಗೆ ಆರು ಗಂಟೆ. ಶಿಡ್ಲಘಟ್ಟದ ಹತ್ತಿರ ನಮ್ಮ ಊರು. ಡಿಸೆಂಬರ್ ಮಂಜು ಇನ್ನೂ ಹಿಪ್ಪುನೇರಳೆ ತೋಟದ ಮೇಲೇ ಕೂತಿದೆ. ರೇಷ್ಮೆ ಹುಳು ಮನೆಯ ಪಕ್ಕದಲ್ಲಿ ಕಾಣುವುದು ನಮ್ಮ ಮೊಲದ ಶೆಡ್. ಮೂರನೇ ಕೇಜ್‌ನಲ್ಲಿ ಇರುವವಳು ಬೆಳ್ಳಿ. ನಾನು ಅವಳ ಬಲಗಡೆಯಿಂದಲೇ ಹೋಗುತ್ತೇನೆ, ಗಮನಿಸಿ. ಅವಳಿಗೆ ಎಡಗಣ್ಣು ಕಾಣುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈ ವಿಡಿಯೊ ಮಾಡುತ್ತಿರುವುದೇ ಅದಕ್ಕೆ.

ಇವತ್ತಿಗೆ ಅವಳು ಗಬ್ಬವಾಗಿ 28 ದಿನ ತುಂಬಿತು. ಮೊಲ ಸಾಮಾನ್ಯವಾಗಿ 30ರಿಂದ 32 ದಿನದೊಳಗೆ ಮರಿ ಹಾಕುತ್ತದೆ. ಪೆಟ್ಟಿಗೆ ಇಡಲು ಇದೇ ಸರಿಯಾದ ದಿನ. ವಾರ ಮೊದಲೇ ಇಟ್ಟರೆ ಅದರಲ್ಲೇ ಹಿಕ್ಕೆ ಹಾಕಿ ಗಲೀಜು ಮಾಡುತ್ತದೆ. ತಡ ಮಾಡಿದರೆ ಮರಿಗಳು ತಂತಿ ಜಾಲರಿಯ ಮೇಲೆ ಬೀಳುತ್ತವೆ. ಈ ಚಳಿಯಲ್ಲಿ, ಮೈಮೇಲೆ ಒಂದು ಕೂದಲೂ ಇಲ್ಲದೆ, ಅವು ಬೆಳಗಿನವರೆಗೆ ಉಳಿಯುವುದಿಲ್ಲ.

ಪೆಟ್ಟಿಗೆ ಅಪ್ಪ ಮಾಡಿದ್ದು. ಮಾವಿನಹಣ್ಣು ತುಂಬಿ ಬಂದಿದ್ದ ಹಳೇ ಮರದ ಪೆಟ್ಟಿಗೆಯ ಹಲಗೆಗಳು. ಉದ್ದ 18 ಇಂಚು, ಅಗಲ 12, ಎತ್ತರ 12. ತಾಯಿ ಒಳಗೆ ಹೋಗಿ ತಿರುಗುವಷ್ಟು ಜಾಗ ಇದ್ದರೆ ಸಾಕು. ಜಾಸ್ತಿ ದೊಡ್ಡದಾದರೆ ಮರಿಗಳು ಮೂಲೆಗೊಂದು ಚೆದುರಿ ತಣ್ಣಗಾಗುತ್ತವೆ. ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಬಣ್ಣ ಬಳಿದಿಲ್ಲ, ಮೊಲ ಹಲಗೆ ಕಡಿಯದೆ ಬಿಡುವುದಿಲ್ಲ ಅಲ್ವಾ. ಯಾವ ಮೊಳೆಯ ತುದಿಯೂ ಒಳಗೆ ಚಾಚಿಲ್ಲ ಅಂತ ಕೈಯಾಡಿಸಿ ನೋಡಿದ್ದೇನೆ.

ಮುಂದಿನ ಹಲಗೆ ನೋಡಿ, ಅದು ಮಾತ್ರ 6 ಇಂಚು. ಹಾಲು ಕುಡಿಸಿದ ಮೇಲೆ ತಾಯಿ ಒಂದೇ ಸಲ ಹೊರಗೆ ನೆಗೆಯುತ್ತದೆ. ಮೊಲೆ ಬಿಡದೆ ಕಚ್ಚಿಕೊಂಡ ಮರಿ ಅದರ ಜೊತೆಗೇ ಹೊರಗೆ ಬರುತ್ತದೆ. ಈ ಹಲಗೆ ಅಡ್ಡ ಇದ್ದರೆ ಮರಿ ತಗುಲಿ ಒಳಗೇ ಬೀಳುತ್ತದೆ. ಹೊರಗೆ ಬಿದ್ದ ಮರಿಯನ್ನು ಬೆಕ್ಕಿನ ಹಾಗೆ ಬಾಯಲ್ಲಿ ಕಚ್ಚಿ ತರುವುದು ಮೊಲಕ್ಕೆ ಗೊತ್ತಿಲ್ಲ. ನಾವೇ ನೋಡಿ ಎತ್ತಿಡಬೇಕು. ತಣ್ಣಗಾದ ಮರಿ ಸತ್ತ ಹಾಗೇ ಕಾಣುತ್ತದೆ. ದಯವಿಟ್ಟು ತಕ್ಷಣ ಎಸೆಯಬೇಡಿ. ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ, ಉಗುರು ಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಸ್ವಲ್ಪ ಹೊತ್ತಿಗೆ ಕಾಲು ಆಡಿಸಿದ ಮರಿಗಳನ್ನು ನಾನು ಕಂಡಿದ್ದೇನೆ.

ಈಗ ಹಾಸು. ತಳಕ್ಕೆ ಎರಡು ಇಂಚು, ಬಡಗಿ ಮರ ಹೆರೆಯುವಾಗ ಬೀಳುವ ಸುರುಳಿಗಳು. ಮರದ ಹೊಟ್ಟು ಬೇಡ, ಅದರ ಧೂಳು ಮರಿಗಳ ಮೂಗಿಗೆ, ಕಣ್ಣಿಗೆ ಹೋಗುತ್ತದೆ. ಮೇಲೆ ರಾಗಿ ಹುಲ್ಲು ತುಂಬಿ. ಬಣವೆಯ ಒಳಗಿನಿಂದ ಒಣಗಿದ್ದನ್ನೇ ಎಳೆದು, ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ. ಮೂಗಿಗೆ ಹಿಡಿದು ನೋಡಿ. ಬೂಷ್ಟು ವಾಸನೆ ಬಂದರೆ ಆ ಹುಲ್ಲು ಬೇಡವೇ ಬೇಡ. ತೆಂಗಿನ ನಾರು, ಗೋಣಿ ಚೀಲ, ಹಳೇ ಸೀರೆ ತುಂಡು ಇವನ್ನೂ ಹಾಕಬೇಡಿ. ಎಳೆ ಬಿಚ್ಚಿಕೊಂಡು ಮರಿಯ ಕಾಲಿಗೋ ಕುತ್ತಿಗೆಗೋ ಸುತ್ತಿಕೊಳ್ಳುತ್ತದೆ. ಕೊನೆಗೆ ಹಿಂದುಗಡೆ ಮೂಲೆಯಲ್ಲಿ ಮುಷ್ಟಿಯಿಂದ ಒತ್ತಿ ಒಂದು ಗುಂಡಿ ಮಾಡಿ. ಉಳಿದದ್ದನ್ನು ಬೆಳ್ಳಿ ನೋಡಿಕೊಳ್ಳುತ್ತಾಳೆ.

ಮೂರು ದಿನ ಆಯಿತು. ಗುಂಡಿಯ ತುಂಬ ಬಿಳಿ ತುಪ್ಪಳ. ಎಲ್ಲಾ ಅವಳ ಹೊಟ್ಟೆಯಿಂದಲೇ ಕಿತ್ತಿದ್ದು. ತುಪ್ಪಳ ತಾನಾಗಿ ಏಳುತ್ತಾ ಇಳಿಯುತ್ತಾ ಇದೆ, ನೋಡಿದಿರಾ? ಅದರ ಕೆಳಗೆ ಮರಿಗಳು ಉಸಿರಾಡುತ್ತಿವೆ. ಏಳು ಮರಿ. ಪ್ರತಿ ಸಲ ಈ ಅಲುಗಾಟ ನೋಡಿದಾಗ ನನಗೆ ಮಾತೇ ನಿಂತು ಹೋಗುತ್ತದೆ.

ಮುಟ್ಟಿದರೆ ತಾಯಿ ಮರಿ ತಿಂದುಬಿಡುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಕೈ ತೊಳೆದು, ತಾಯಿಯ ಮೈ ಸವರಿ, ಅದಕ್ಕೊಂದು ಹಿಡಿ ಹಿಪ್ಪುನೇರಳೆ ಸೊಪ್ಪು ಕೊಟ್ಟು ಮುಟ್ಟಿ, ಏನೂ ಆಗುವುದಿಲ್ಲ. ಔಷಧಿ ಹೊಡೆದ ತೋಟದ ಸೊಪ್ಪು ಮಾತ್ರ ಬೇಡ. ಮೊದಲ ದಿನ ಮುಟ್ಟಲೇಬೇಕು. ಸತ್ತ ಮರಿ, ಮಾಸು, ರಕ್ತವಾದ ಹುಲ್ಲು ಒಳಗೆ ಉಳಿದರೆ ಕೊಳೆಯುತ್ತದೆ, ಇರುವೆ ಹತ್ತುತ್ತದೆ. ನಮ್ಮಲ್ಲಿ ಕೇಜ್‌ನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿವೆ. ಕಟ್ಟಿರುವೆ ಒಂದೇ ರಾತ್ರಿಯಲ್ಲಿ ಎಲ್ಲಾ ಮುಗಿಸಿಬಿಡಬಲ್ಲದು.

ಇನ್ನೊಂದು ಭಯ, ತಾಯಿ ಹಾಲು ಕೊಡುತ್ತಿಲ್ಲ ಅನ್ನುವುದು. ಮೊಲ ದಿನಕ್ಕೆ ಒಂದೋ ಎರಡೋ ಸಲ, ಮೂರು ನಾಲ್ಕು ನಿಮಿಷ ಮಾತ್ರ ಕುಡಿಸುತ್ತದೆ. ಅದೂ ಸಾಮಾನ್ಯವಾಗಿ ರಾತ್ರಿ, ಇಲ್ಲವೇ ನಸುಕಿನಲ್ಲಿ. ಮರಿಗಳ ಮೇಲೆ ಕೂತು ಕಾವು ಕೊಡುವುದೂ ಇಲ್ಲ. ಕಾವು ಏನಿದ್ದರೂ ಆ ತುಪ್ಪಳದ್ದು, ಹುಲ್ಲಿನದ್ದು, ಒಂದಕ್ಕೊಂದು ಒತ್ತಿಕೊಂಡ ಮರಿಗಳದ್ದು. ಬೆಳಿಗ್ಗೆ ಹೊಟ್ಟೆ ನೋಡಿ. ದುಂಡಗಿದ್ದರೆ ಹಾಲು ಸಿಕ್ಕಿದೆ. ಚರ್ಮ ಸುಕ್ಕುಗಟ್ಟಿದ್ದರೆ ಸಿಕ್ಕಿಲ್ಲ.

ಈಗ ಬೆಳ್ಳಿಯ ಕಣ್ಣಿನ ವಿಷಯ.

ಅವಳು ನಾನು ಸಾಕಿದ ಮೊದಲ ಸೂಲಿನ ಮರಿ. ಆಗ ನನಗೆ ಗೊತ್ತಿದ್ದದ್ದು ಬೆಚ್ಚಗಿಡಬೇಕು ಅನ್ನುವುದೊಂದೇ. ದಿನಾ ಮೇಲೆ ಹೊಸ ಹುಲ್ಲು ಹಾಕುತ್ತಿದ್ದೆ. ಮೇಲಿನಿಂದ ನೋಡಿದರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಒಂದು ದಿನವೂ ತಳ ಮುಟ್ಟಿ ನೋಡಲಿಲ್ಲ. ಹಾಲಿನ ಹೊತ್ತಿಗೆ ಮರಿಗಳು ಹುಲ್ಲಿನಿಂದ ಮೇಲೆ ಬರುತ್ತವೆ. ಕುಡಿದು ಮುಗಿದ ಕೂಡಲೇ ಎಲ್ಲಾ ಅಲ್ಲೇ ಉಚ್ಚೆ ಹೊಯ್ದು, ಮತ್ತೆ ಕೆಳಗೆ ತೂರಿಕೊಳ್ಳುತ್ತವೆ. ಆ ಒದ್ದೆ ಎಲ್ಲಾ ಇಳಿದು ತಳ ಸೇರುತ್ತದೆ. ಅಲ್ಲೇ ಮರಿಗಳೂ ಮಲಗುತ್ತವೆ.

ಹನ್ನೊಂದನೇ ದಿನ ಅಮ್ಮ ಶೆಡ್‌ಗೆ ಬಂದವರು ಬಾಗಿಲಲ್ಲೇ ನಿಂತರು. ಹುಲ್ಲಿನೊಳಗೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತಿದರು. ಕಪ್ಪಗೆ, ಹಸಿ ಹಸಿ, ಮೂಗು ಉರಿಯುವಂಥ ವಾಸನೆ. "ಹುಳಕ್ಕೂ ಇಷ್ಟು ಹಸಿ ಬಿಡಲ್ಲ ನಾವು. ಮರಿಗೆ ಬಿಟ್ಟಿದೀಯಲ್ಲೇ" ಅಂದರು. ಅಮ್ಮ ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ಹುಳು ಜ್ವರಕ್ಕೆ ಕೂರುವ, ಅಂದರೆ ಪೊರೆ ಬಿಡುವ ಹೊತ್ತಿಗೆ ಹಾಸಿಗೆ ಒಣಗಿರಬೇಕು ಅಂತ ನಾನೂ ಚಿಕ್ಕಂದಿನಿಂದ ನೋಡಿದ್ದೆ. ಮೊಲಕ್ಕೂ ಅದೇ ಮಾತು ಅನ್ನುವುದು ಹೊಳೆದಿರಲಿಲ್ಲ.

ಮರಿಗಳು ಸಾಮಾನ್ಯವಾಗಿ 10ರಿಂದ 12ನೇ ದಿನಕ್ಕೆ ಕಣ್ಣು ಬಿಡುತ್ತವೆ. ಅವತ್ತು ನಾಲ್ಕು ಮರಿಗಳ ಕಣ್ಣು ಪಿಸುರು ಮೆತ್ತಿ ಅಂಟಿಕೊಂಡಿತ್ತು. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೆಲ್ಲಗೆ ಒರೆಸಿ ಒರೆಸಿ ಬಿಡಿಸಿದೆವು. ಪಶುವೈದ್ಯರು ಕಣ್ಣಿಗೆ ಹಾಕುವ ಮುಲಾಮು ಕೊಟ್ಟರು. ಮೂರು ಮರಿ ಸರಿಹೋದವು. ಬೆಳ್ಳಿಯ ಎಡಗಣ್ಣಿನ ಒಳಗೆ ಕೀವು ತುಂಬಿತ್ತು. ಅದು ಉಳಿಯಲಿಲ್ಲ.

ಹಾಗಾಗಿ ಈಗ ನಾನು ಮಾಡುವುದು ಇದು. ಇವತ್ತು ಐದನೇ ದಿನ. ಮರಿಗಳನ್ನು ತುಪ್ಪಳದ ಸಮೇತ ಒಂದು ಮೊರಕ್ಕೆ ಎತ್ತಿಕೊಂಡಿದ್ದೇನೆ. ಒಣಗಿದ ತುಪ್ಪಳ ಬೇರೆ, ಒದ್ದೆಯಾದದ್ದು ಬೇರೆ. ತಳದ ಒದ್ದೆಯನ್ನು ಪೂರ್ತಿ ತೆಗೆದು, ಹೊಸ ಸುರುಳಿ ಹಾಕಿ, ಒಣ ಹುಲ್ಲಿನಲ್ಲಿ ಮತ್ತೆ ಅದೇ ಮೂಲೆಯಲ್ಲಿ ಗುಂಡಿ. ಹಳೇ ಒಣ ತುಪ್ಪಳವನ್ನೇ ವಾಪಸ್ ಹೊದಿಸಬೇಕು, ತಾಯಿಗೆ ಆ ವಾಸನೆ ಬೇಕು. ಹೆಚ್ಚಾದ ತುಪ್ಪಳವನ್ನು ಬಟ್ಟೆ ಚೀಲದಲ್ಲಿ ಎತ್ತಿಟ್ಟಿದ್ದೇನೆ. ಮೊದಲ ಸೂಲಿನ ಮೊಲಗಳು ಕೆಲವು ಸಲ ತುಪ್ಪಳ ಕೀಳುವುದೇ ಇಲ್ಲ, ಆಗ ಇದು ಕೈ ಹಿಡಿಯುತ್ತದೆ. ಹುಳು ಮನೆಯ ಹಾಗೆ ಸುಣ್ಣದ ಪುಡಿ ಉದುರಿಸಲಾ ಅಂತ ಕೇಳಿದವರಿದ್ದಾರೆ. ಪೆಟ್ಟಿಗೆಯೊಳಗೆ ಬೇಡವೇ ಬೇಡ, ಕಣ್ಣು, ಚರ್ಮ ಸುಡುತ್ತದೆ. ಕೇಜ್ ಕೆಳಗೆ ನೆಲಕ್ಕೆ ಹಾಕಿ.

ಹನ್ನೆರಡನೇ ದಿನ. ಏಳು ಮರಿಗೂ ಕಣ್ಣು ಬಿಟ್ಟಿದೆ. ಹದಿನಾಲ್ಕು ಕಣ್ಣು, ಎರಡೆರಡು ಸಲ ಎಣಿಸಿದೆ. ಮೈ ಪೂರ್ತಿ ಕೂದಲು ಬಂದಿದೆ. ಇನ್ನು ಅಷ್ಟೊಂದು ಹೊದಿಕೆ ಬೇಡ. ಅರ್ಧ ತುಪ್ಪಳ ತೆಗೆದೆ, ಹುಲ್ಲು ತೆಳ್ಳಗೆ ಮಾಡಿದೆ. ಈಗಿನಿಂದ ಹಾಸನ್ನು ಎರಡು ದಿನಕ್ಕೊಮ್ಮೆ ಬದಲಿಸುತ್ತೇನೆ. ಈ ವಯಸ್ಸಿನಲ್ಲಿ ಅವು ಹುಲ್ಲನ್ನು ಕಡಿದು ನೋಡುತ್ತವೆ, ತಾಯಿ ಪೆಟ್ಟಿಗೆಯಲ್ಲಿ ಬಿಟ್ಟು ಹೋದ ನಾಲ್ಕಾರು ಹಿಕ್ಕೆಯನ್ನೂ ಕಡಿಯುತ್ತವೆ. ಗಾಬರಿ ಬೇಡ. ಹೊಟ್ಟೆಗೆ ಬೇಕಾದ ಒಳ್ಳೇ ಸೂಕ್ಷ್ಮಜೀವಿಗಳು ಹಾಗೆ ಸೇರುತ್ತವೆ. ಹಾಸು ತಿನ್ನುವಂಥದ್ದೇ ಆಗಿರಬೇಕು ಅನ್ನುವುದು ಇದಕ್ಕೇ.

ಬೇಸಿಗೆಯಾದರೆ ಲೆಕ್ಕವೇ ಬೇರೆ. ಏಪ್ರಿಲ್ ಮಧ್ಯಾಹ್ನ ನಮ್ಮ ಶೀಟಿನ ಶೆಡ್ ಕಾದು ಹೋಗುತ್ತದೆ. ಆಗ ತಳಕ್ಕೆ ಹಲಗೆ ಬದಲು ಸಣ್ಣ ಕಣ್ಣಿನ ಜಾಲರಿ ಹಾಕಿ, ಮೇಲೆ ತೆಳ್ಳಗೆ ಹುಲ್ಲು ಹರಡುತ್ತೇನೆ. ಮರಿಗಳೇ ಹೇಳುತ್ತವೆ. ರಾಶಿಯಾಗಿ ಒತ್ತಿಕೊಂಡಿದ್ದರೆ ಚಳಿ. ದೂರ ದೂರ ಚೆಲ್ಲಿಕೊಂಡು, ಮೈ ಕೆಂಪಗಾಗಿ ಏದುಸಿರು ಬಿಡುತ್ತಿದ್ದರೆ ಸೆಖೆ, ಕೂಡಲೇ ತುಪ್ಪಳ ತೆಗೆಯಬೇಕು.

ಹತ್ತೊಂಬತ್ತನೇ ದಿನ. ಸಂಕ್ರಾಂತಿಗೆ ಇನ್ನು ಮೂರು ದಿನ. ನಾಲ್ಕು ದಿನದಿಂದ ಮರಿಗಳು ತಾವೇ ಹೊರಗೆ ಬಂದು ತಾಯಿಯ ತಟ್ಟೆಗೆ ಬಾಯಿ ಹಾಕುತ್ತಿವೆ. ಪೆಟ್ಟಿಗೆಗೆ ಹೋಗುವುದು ಹಿಕ್ಕೆ ಹಾಕಲಿಕ್ಕೆ ಮಾತ್ರ. ಮುದ್ದಾಗಿದೆ ಅಂತ ಇನ್ನೊಂದು ವಾರ ಬಿಟ್ಟರೆ ಆ ಒದ್ದೆ, ಆ ಹಿಕ್ಕೆ ಸೇರಿ ಕಾಕ್ಸಿಡಿಯೋಸಿಸ್‌ಗೆ ದಾರಿ. ಹಾಲು ಬಿಡುವ ವಯಸ್ಸಿನ ಮರಿಗಳಿಗೆ ಭೇದಿ ಹತ್ತಿಸಿ ಸಾಯಿಸುವ ರೋಗ ಅದು. ಇವತ್ತು ಪೆಟ್ಟಿಗೆ ತೆಗೆದೆ. ರಾತ್ರಿ ಚಳಿಗೆ ಒಂದು ಮೂಲೆಯಲ್ಲಿ ಹಲಗೆ ತುಂಡು ಹಾಕಿ, ಮೇಲೆ ಹಿಡಿ ಹುಲ್ಲು ಇಟ್ಟಿದ್ದೇನೆ. ಏಳೂ ಅದರ ಮೇಲೇ ಸಾಲಾಗಿ ಮಲಗಿವೆ.

ಪೆಟ್ಟಿಗೆಯನ್ನು ಕೆರೆದು, ಕುದಿಯುವ ನೀರು ಹುಯ್ದು, ಸೋಪು ಹಾಕಿ ಉಜ್ಜಿ ತಾರಸಿಯ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಅಮ್ಮ ಒಣಗಿಸುವ ಜಾಗದಲ್ಲೇ. ಐದನೇ ಕೇಜ್‌ನ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಖಿನ ಪ್ರಕಾರ ಮುಂದಿನ ಪೆಟ್ಟಿಗೆ ಬೇಕಾಗುವುದು ಇನ್ನು ಆರು ದಿನಕ್ಕೆ. ಅಷ್ಟರಲ್ಲಿ ಚೆನ್ನಾಗಿ ಒಣಗುತ್ತದೆ.