ರಿಪೋರ್ಟ್ ಯಾರ ಫೋನಿಗೆ ಬಂತು?

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ. 13ನೇ ವಯಸ್ಸಿನಿಂದ ಟೈಪ್ 1 ಸಕ್ಕರೆ ಕಾಯಿಲೆ ಇರುವವನು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಇಲ್ಲಿ ಮಾತನಾಡಲು ನನಗಿರುವ ಅರ್ಹತೆ ಅಷ್ಟೇ.

ಸೆಕೆಂಡ್ ಪಿಯು ಓದುವಾಗಿನ ಮಾತು. ಭಾನುವಾರ ಗೆಳೆಯರ ಜೊತೆ ಬೆಣ್ಣೆ ದೋಸೆ ತಿಂದಿದ್ದೆ. ದಾವಣಗೆರೆಯಲ್ಲಿ ಹುಟ್ಟಿ ಅದನ್ನೂ ಬಿಡು ಅಂದರೆ ಹೇಗೆ? ಸೋಮವಾರ ಎಚ್‌ಬಿಎ1ಸಿ ಅನ್ನುವ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟೆ. ಸಂಜೆ ಟ್ಯೂಷನ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಆಸ್ಪತ್ರೆಯ ಆ್ಯಪ್‌ಗೆ ರಿಪೋರ್ಟ್ ಬಂದಿತ್ತು. ಆ್ಯಪ್ ಇದ್ದದ್ದು ಅಪ್ಪನ ಫೋನಿನಲ್ಲಿ. ಅಪ್ಪ ನೋಡಿದ್ದರು, ಅಮ್ಮ ನೋಡಿದ್ದರು, ಹರಿಹರದ ಮಾವನಿಗೂ ವಾಟ್ಸಾಪ್‌ನಲ್ಲಿ ಹೋಗಿತ್ತು. ನನ್ನ ರಕ್ತದ ಸುದ್ದಿ ಕೊನೆಗೆ ತಿಳಿದದ್ದು ನನಗೇ.

7.8 ಅಂತ ಕೆಂಪು ಅಕ್ಷರದಲ್ಲಿತ್ತು. "ಬ್ಯಾಡ ಅಂದ್ರೂ ದೋಸೆ ತಿಂದಿ, ನೋಡೀಗ!" ಅಂದರು ಅಪ್ಪ.

ಪಾಪ ದೋಸೆ! ಎಚ್‌ಬಿಎ1ಸಿ ಹೇಳುವುದು ನಿನ್ನೆಯ ಕಥೆಯನ್ನಲ್ಲ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅವಕ್ಕೆ ಅಂಟಿಕೊಂಡ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ಅಂದರೆ ಎರಡು ಮೂರು ತಿಂಗಳ ಸರಾಸರಿ. ಒಂದು ದೋಸೆಗೆ ಅದು ಜಗ್ಗುವುದಿಲ್ಲ. ಇನ್ನೊಂದು ವಿಷಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿಂದಿನ ಸಲ ನನ್ನದು 9.1 ಇತ್ತು. ಇಳಿದಿತ್ತು! ಆದರೆ ಆ್ಯಪ್‌ನಲ್ಲಿ ಅದೂ ಕೆಂಪು, ಇದೂ ಕೆಂಪು. ಯಾಕೆಂದರೆ ಪಕ್ಕದಲ್ಲಿ ಬರೆದಿದ್ದ 'ನಾರ್ಮಲ್', ಅಂದರೆ 5.7ಕ್ಕಿಂತ ಕಡಿಮೆ, ಸಕ್ಕರೆ ಕಾಯಿಲೆ ಇಲ್ಲದವರ ಲೆಕ್ಕ. ನಮ್ಮಂಥ ಬಹಳಷ್ಟು ಜನರಿಗೆ ಡಾಕ್ಟರ್ ಹೇಳುವ ಗುರಿಯೇ 7ರ ಆಸುಪಾಸು. ಆ ಗುರಿ ಮುಟ್ಟಿದರೂ ಆ್ಯಪ್ ಕೆಂಪೇ ತೋರಿಸುತ್ತದೆ.

ಹಾಗಂತ ಆ್ಯಪ್ ಬೇಡ ಅನ್ನುತ್ತಿಲ್ಲ. ಚಳ್ಳಕೆರೆ ಕಡೆಯ ಗೆಳೆಯನೊಬ್ಬನಿಗೆ ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಅದರಿಂದ ಮೈಯಲ್ಲಿ ಕಬ್ಬಿಣದಂಶ ಸೇರುತ್ತದೆ, ಹಾಗಾಗಿ ಆ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಪರೀಕ್ಷೆ ಮಾಡಿಸುತ್ತಿರಬೇಕು. ಒಂದು ಕಾಗದಕ್ಕಾಗಿ ಬಸ್ಸು ಹತ್ತಿ ಬರುವುದು ಅವನಿಗೆ ತಪ್ಪಿದೆ. ಅದೇನು ಸಣ್ಣ ಉಪಕಾರವಲ್ಲ.

ನನ್ನ ತಕರಾರು ಬೇರೆ. ಆ್ಯಪ್‌ನಲ್ಲಿ ಡಾಕ್ಟರಿಗೆ ಮೆಸೇಜ್ ಬರೆಯುವ ಜಾಗವಿತ್ತು. ಎರಡು ದಿನ ಬೇಜಾರಾಗಿ ಮಧ್ಯಾಹ್ನದ ಇನ್ಸುಲಿನ್ ಬಿಟ್ಟಿದ್ದೆ. ಡಾಕ್ಟರಿಗೆ ತಿಳಿಯಲೇಬೇಕಾದ ಮಾತು ಅಲ್ವಾ? ಬರೆಯಲಿಲ್ಲ. ಅಪ್ಪ ಓದುತ್ತಾರಲ್ಲ! ಮುಟ್ಟಿನ ತೊಂದರೆ ಬರೆಯಬೇಕಾದ ಹುಡುಗಿ ಏನು ಮಾಡುತ್ತಾಳೆ, ನೀವೇ ಯೋಚಿಸಿ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಆದರೆ ಹುಟ್ಟುಹಬ್ಬದ ದಿನ ಒಟಿಪಿ ತಾನಾಗಿ ನಮ್ಮ ಫೋನಿಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ, ಸರ್ಕಾರದ 14 ಅಂಕಿಯ ಆರೋಗ್ಯ ಖಾತೆಯಾದ ಆಭಾದಲ್ಲಿ ನಾವೇ ಮೊಬೈಲ್ ನಂಬರ್ ಬದಲಿಸಬೇಕು. ನಾನು ಬದಲಿಸಿದೆ. ಅಪ್ಪ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಮುಂದಿನ ರಿಪೋರ್ಟ್ ಬಂದ ದಿನ ಅಂಗಡಿಯಿಂದಲೇ ಫೋನ್ ಮಾಡಿದರು. "ಎಷ್ಟು ಬಂತು?" ಅಂದರು. 7.3 ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹೋದ ಸಲ ಎಷ್ಟಿತ್ತು?"